ನೀರು, ಎಣ್ಣೆ, ಅನ್ನ: ಮದರಾಸಿನ ಚಿತ್ರಕಾರರ ಬದುಕು ಮತ್ತು ಕನ್ನಡ ವಿಮರ್ಶೆ

ಕಾವ್ಯ ಹುಟ್ಟುವ ಬಗೆಯನ್ನು ವಿಚಾರಿಸಿದ ಭಾರತೀಯ ಆಲಂಕಾರಿಕರು ಪ್ರತಿಭೆಯೊಂದನ್ನೇ ನೆಚ್ಚಿ ಕೂರಲಿಲ್ಲ. ಶಕ್ತಿ, ನಿಪುಣತೆ, ಅಭ್ಯಾಸಗಳನ್ನು ಹೆಸರಿಸಿದ ಮಮ್ಮಟನು ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣ ಎಂದು ಸ್ಪಷ್ಟಪಡಿಸಿದ. ಕವಿಯ ವಿಷಯದಲ್ಲಿ ಕನ್ನಡ ವಿಮರ್ಶೆ ಈ ಮಾತನ್ನು ಮರೆತಿಲ್ಲ. ಛಂದಸ್ಸು, ಪದಪ್ರಯೋಗ, ಪಾಠಾಂತರಗಳನ್ನು ಕುರಿತು ಕನ್ನಡದಲ್ಲಿ ನಡೆದಿರುವ ಕೆಲಸ ಸಣ್ಣದಲ್ಲ. ಆದರೆ ಚಿತ್ರಕಾರನ ಮಾತು ಬಂದೊಡನೆ ಇದೇ ವಿಮರ್ಶೆ ಮೂರರಲ್ಲಿ ಎರಡನ್ನು ಕೈಬಿಟ್ಟು ಪ್ರತಿಭೆ, ದರ್ಶನ, ಅಂತರ್ದೃಷ್ಟಿ ಎಂಬ ಶಬ್ದಗಳಲ್ಲೇ ತೃಪ್ತಿ ಪಡೆಯುತ್ತದೆ. ಶಿವರಾಮ ಕಾರಂತ, ಅ. ನ. ಕೃಷ್ಣರಾಯರಂಥ ಲೇಖಕರು ಚಿತ್ರಕಲೆಯ ಬಗ್ಗೆ ಆಸ್ಥೆಯಿಂದ ಬರೆದು ದಾರಿ ಹಾಕಿದರೂ ಆ ದಾರಿಯಲ್ಲಿ ನಡೆದವರು ವಿರಳ. ಚಿತ್ರಕಾರ ಯಾವ ಕಾಗದದ ಮೇಲೆ ಬರೆದ, ಬಣ್ಣವನ್ನು ಯಾವುದರಲ್ಲಿ ಕಲಸಿದ, ಒಂದು ಪದರ ಒಣಗಲು ಎಷ್ಟು ದಿನ ಕಾದ, ಆ ದಿನಗಳಲ್ಲಿ ಅವನ ಮನೆಯ ಒಲೆ ಹೇಗೆ ಉರಿಯಿತು ಎಂಬ ಪ್ರಶ್ನೆಗಳು ವಿಮರ್ಶೆಗೆ ಹೊರಗಿನವು ಎಂಬ ಭಾವನೆ ಬಲವಾಗಿದೆ. ಈ ಭಾವನೆ ತಪ್ಪು. ಚಿತ್ರಕಾರನ ಸೃಜನಶೀಲ ಬದುಕನ್ನು ಅವನ ಸಾಧನಗಳಿಂದಲೂ ಅವನ ಜೀವನೋಪಾಯದಿಂದಲೂ ಬೇರ್ಪಡಿಸಿ ವಿವರಿಸಲಾಗದು ಎಂಬುದಕ್ಕೆ ಮದರಾಸು (1996ರಿಂದ ಚೆನ್ನೈ) ನಗರದ ಚಿತ್ರಕಾರರು ಒದಗಿಸುವಷ್ಟು ಸ್ಪಷ್ಟ ನಿದರ್ಶನ ದಕ್ಷಿಣ ಭಾರತದಲ್ಲಿ ಮತ್ತೊಂದಿಲ್ಲ.

ಮೊದಲು ಜಲವರ್ಣದ ಸ್ವರೂಪವನ್ನು ಗಮನಿಸಬಹುದು. ಬಣ್ಣದ ಪುಡಿಯನ್ನು ಗೋಂದಿನಲ್ಲಿ ಅರೆದು ಮಾಡಿದ ವಸ್ತು ಅದು. ನೀರು ಅದನ್ನು ಕಾಗದದ ಮೇಲೆ ಹೊತ್ತೊಯ್ದು, ತಾನು ಆವಿಯಾಗಿ, ಬಣ್ಣವನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಬೆಳಕು ತೆಳುವಾದ ಈ ಪದರವನ್ನು ಹಾದು, ಕೆಳಗಿನ ಬಿಳಿಯ ಕಾಗದವನ್ನು ಮುಟ್ಟಿ, ಹಿಂದಿರುಗಿ ಕಣ್ಣಿಗೆ ಬರುತ್ತದೆ. ಹೀಗಾಗಿ ಜಲವರ್ಣದಲ್ಲಿ ಬಿಳುಪು ಎಂದರೆ ಹಚ್ಚುವ ಬಣ್ಣವಲ್ಲ, ಹಚ್ಚದೆ ಉಳಿಸಿಕೊಂಡ ಕಾಗದ. ಎಲ್ಲಿ ಕೈಯಿಡಬಾರದು ಎಂಬುದನ್ನು ಚಿತ್ರಕಾರ ಮೊದಲೇ ನಿರ್ಧರಿಸಿರಬೇಕು. ತಿಳಿಯಿಂದ ಗಾಢದ ಕಡೆಗೆ ಅವನ ನಡೆ. ಗಾಢವಾದದ್ದನ್ನು ಮತ್ತೆ ತಿಳಿಯಾಗಿಸುವುದು ಬಹುಮಟ್ಟಿಗೆ ಅಸಾಧ್ಯ. ನೆನೆದ ಕಾಗದದ ಮೇಲೆ ಬಿದ್ದ ಬಣ್ಣ ಹರಡುತ್ತದೆ; ಅರೆ ಒಣಗಿದ್ದರೆ ಅಂಚು ಮೃದುವಾಗಿ ನಿಲ್ಲುತ್ತದೆ; ಪೂರ್ತಿ ಒಣಗಿದ್ದರೆ ಅಂಚು ಗೆರೆ ಕೊರೆದಂತೆ ಗಟ್ಟಿಯಾಗುತ್ತದೆ. ಒದ್ದೆಯಾಗಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಮಾಸಲಾಗುವುದರಿಂದ ಈಗ ಕಾಣುವುದನ್ನಲ್ಲದೆ ಮುಂದೆ ಕಾಣಲಿರುವುದನ್ನು ಊಹಿಸಿ ಕುಂಚ ಆಡಿಸಬೇಕು. ಪದವು ತನ್ನ ಸ್ಥಾನದಿಂದ ಕದಲಲು ಒಪ್ಪದ ಸ್ಥಿತಿಯನ್ನು ವಾಮನನು ಶಬ್ದಪಾಕ ಎಂದು ಕರೆದ. ಜಲವರ್ಣಕಾರ ಆ ಪಾಕವನ್ನು ಕೆಲವೇ ನಿಮಿಷಗಳಲ್ಲಿ, ತಿದ್ದುಪಡಿಯ ಅವಕಾಶವಿಲ್ಲದೆ ಸಾಧಿಸಬೇಕಾಗುತ್ತದೆ.

ತೈಲವರ್ಣದ ಕಾಲಮಾನ ಬೇರೆ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಆವಿಯಾಗಿ ಒಣಗುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಲು ಹಲವು ದಿನ ಬೇಕು. ಮೇಲೆ ವಾರ್ನಿಷ್ ಹಚ್ಚುವಷ್ಟು ಒಣಗಲು ಆರು ತಿಂಗಳು, ಕೆಲವೊಮ್ಮೆ ವರುಷ ಹಿಡಿಯುತ್ತದೆ. ಎಣ್ಣೆ ನೇರವಾಗಿ ಬಟ್ಟೆಗೆ ಇಳಿದರೆ ಬಟ್ಟೆ ಕೊಳೆಯುವುದರಿಂದ ಕ್ಯಾನ್ವಾಸಿಗೆ ಮೊದಲು ಅಂಟು ಮತ್ತು ಬಿಳಿಯ ಲೇಪ ಕೊಡಬೇಕು. ಕೆಳಗಿನ ಪದರದಲ್ಲಿ ಟರ್ಪೆಂಟೈನ್ ಹೆಚ್ಚು, ಎಣ್ಣೆ ಕಡಿಮೆ. ಮೇಲಿನ ಪದರಗಳಲ್ಲಿ ಕ್ರಮೇಣ ಎಣ್ಣೆ ಹೆಚ್ಚು ಎಂಬುದು ನಿಯಮ. ಇದನ್ನು ಮೀರಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಸರಿದು, ಚಿತ್ರ ಬಿರಿಯುತ್ತದೆ. ಇಷ್ಟು ನಿರ್ಬಂಧಗಳಿದ್ದರೂ ತೈಲವರ್ಣ ಒಂದು ದೊಡ್ಡ ಸ್ವಾತಂತ್ರ್ಯವನ್ನು ಕೊಡುತ್ತದೆ. ಹಚ್ಚಿದ್ದನ್ನು ಕೆರೆದು ತೆಗೆಯಬಹುದು, ಮುಚ್ಚಬಹುದು, ತಿಂಗಳ ಮೇಲೆ ಮನಸ್ಸು ಬದಲಾದರೆ ಮತ್ತೆ ತೊಡಗಬಹುದು. ಜಲವರ್ಣ ಮುಕ್ತಕದಂತೆ, ತೈಲವರ್ಣ ಪ್ರಬಂಧಕಾವ್ಯದಂತೆ ಎಂದು ಹೋಲಿಸಿದರೆ ಅದು ಕೇವಲ ಚಮತ್ಕಾರದ ಮಾತಾಗದು; ಎರಡೂ ಕಡೆ ಕರ್ತೃವಿಗೂ ಕಾಲಕ್ಕೂ ಇರುವ ಸಂಬಂಧವೇ ಭಿನ್ನ.

ಈ ಎರಡು ಮಾಧ್ಯಮಗಳನ್ನೂ ಒಟ್ಟಿಗೆ ಕಲಿಸಿದ ಸಂಸ್ಥೆ ಮದರಾಸಿನ ಕಲಾಶಾಲೆ. ಶಸ್ತ್ರವೈದ್ಯ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿದ ಈ ಶಾಲೆಯನ್ನು 1852ರಲ್ಲಿ ಸರ್ಕಾರ ವಹಿಸಿಕೊಂಡಿತು. ಕೈಕಸುಬುಗಳ ಶಿಕ್ಷಣಕ್ಕೆ ಹೆಸರಾಗಿದ್ದ ಇದಕ್ಕೆ 1929ರಲ್ಲಿ ದೇವೀಪ್ರಸಾದ ರಾಯ್ ಚೌಧುರಿ ಮುಖ್ಯಸ್ಥರಾಗಿ ಬಂದ ಮೇಲೆ ಚಿತ್ರ ಮತ್ತು ಶಿಲ್ಪಗಳಿಗೆ ಹೊಸ ಪ್ರಾಮುಖ್ಯ ದೊರಕಿತು. ಮರೀನಾ ಕಡಲ ದಂಡೆಯಲ್ಲಿರುವ ಶ್ರಮಿಕರ ಪ್ರತಿಮೆ ಅವರದೇ ಕೃತಿ. ಕನ್ನಡ ಓದುಗರಿಗೆ ಇಲ್ಲೊಂದು ಸಂಬಂಧ ಕುತೂಹಲಕರ. ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪ ಮತ್ತು ರಾಯ್ ಚೌಧುರಿ ಇಬ್ಬರೂ ಅವನೀಂದ್ರನಾಥ ಟಾಗೋರರ ಶಿಷ್ಯರು. ಜಪಾನಿನ ಚಿತ್ರಕಾರರ ಸಂಪರ್ಕದಿಂದ ಅವನೀಂದ್ರರು ರೂಪಿಸಿಕೊಂಡ, ಬಣ್ಣ ಹಚ್ಚಿದ ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ತೋಯಿಸುವ ವಾಶ್ ಕ್ರಮ ಒಬ್ಬರ ಮೂಲಕ ಕನ್ನಡನಾಡಿಗೂ ಇನ್ನೊಬ್ಬರ ಮೂಲಕ ಮದರಾಸಿಗೂ ತಲುಪಿತು. ಊಟಿ, ಕೊಡೈಕಾನಲ್‌ಗಳ ಮಂಜನ್ನೂ ಬೆಳಕನ್ನೂ ವೆಂಕಟಪ್ಪ ಜಲವರ್ಣದಲ್ಲಿ ಹಿಡಿದರು. ಆ ಗಿರಿಧಾಮಗಳು ಅಂದು ಮದರಾಸು ಪ್ರಾಂತದೊಳಗಿದ್ದವು. ತಂತ್ರಗಳಿಗೆ ಭಾಷೆಯ ಗಡಿಗಳಿಲ್ಲ.

ರಾಯ್ ಚೌಧುರಿಯವರ ಶಿಷ್ಯರಲ್ಲಿ ಪ್ರಮುಖರಾದ ಕೆ. ಸಿ. ಎಸ್. ಪಣಿಕ್ಕರ್ (1911–1977) ಈ ವಿಚಾರಕ್ಕೆ ಮುಖ್ಯ ಉದಾಹರಣೆ. ಮನೆಯ ಭಾರ ಹೊತ್ತು ತಂತಿ ಇಲಾಖೆಯಲ್ಲಿ ದುಡಿದು, ಇಪ್ಪತ್ತೈದರ ವಯಸ್ಸಿನಲ್ಲಿ, 1936ರಲ್ಲಿ ಅವರು ಕಲಾಶಾಲೆ ಸೇರಿದರು. ಅವರ ಆರಂಭದ ಕೀರ್ತಿ ಜಲವರ್ಣದ ಭೂದೃಶ್ಯಗಳದು: ಕೇರಳದ ಹಿನ್ನೀರು, ತೆಂಗು, ಬಿಸಿಲು. ಕಡಲತೀರದ ತೇವದಲ್ಲಿ ಈ ಮಾಧ್ಯಮ ಸುಲಭವಾದುದಲ್ಲ. ಮಳೆಗಾಲದಲ್ಲಿ ಬಣ್ಣ ಬೇಗ ಒಣಗದು, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬೇಸಗೆಯ ಬಯಲಲ್ಲಿ ಕುಂಚ ಮೇಲೆತ್ತುವಷ್ಟರಲ್ಲಿ ಅಂಚು ಗಟ್ಟಿಯಾಗಿರುತ್ತದೆ. ಇಂಥ ಹವೆಯಲ್ಲಿ ವರುಷಗಟ್ಟಲೆ ಕೈ ಪಳಗಿಸಿದವರು 1963ರಿಂದ ‘ಪದಗಳು ಮತ್ತು ಸಂಕೇತಗಳು’ ಎಂಬ ಚಿತ್ರಮಾಲೆಯನ್ನು ತೈಲ ಮೊದಲಾದ ಮಾಧ್ಯಮಗಳಲ್ಲಿ ರಚಿಸತೊಡಗಿದರು. ಮಲಯಾಳಂ ಲಿಪಿಯನ್ನು ಹೋಲುವ ಅಕ್ಷರಗಳು, ಗಣಿತದ ಚಿಹ್ನೆಗಳು, ಜಾತಕದ ಕುಂಡಲಿಯಂಥ ಮನೆಗಳು ಅಲ್ಲಿ ತುಂಬಿವೆ. ಆದರೆ ಅವು ಓದಿಗೆ ದಕ್ಕುವ ಬರಹವಲ್ಲ. ಅರ್ಥವನ್ನು ಕಳಚಿಟ್ಟ ಲಿಪಿ ನೋಟಕ್ಕೆ ಏನಾಗಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಈ ಚಿತ್ರಗಳು ಎತ್ತುತ್ತವೆ. ಶಾಸನ, ಓಲೆಗರಿಗಳೊಡನೆ ದಿನವೂ ವ್ಯವಹರಿಸುವ ಭಾಷಾವಿಭಾಗಗಳಿಗೆ ಇದು ದೂರದ ಪ್ರಶ್ನೆಯಲ್ಲ. ಹಿನ್ನೆಲೆಯನ್ನು ಬಣ್ಣದಿಂದ ತುಂಬಿಬಿಡದೆ ಹಾಳೆಯಂತೆ ಉಸಿರಾಡಲು ಬಿಡುವ ಅಲ್ಲಿನ ಸಂಯಮ, ಬಿಳುಪನ್ನು ಕಾಯ್ದುಕೊಳ್ಳುವ ಜಲವರ್ಣದ ಅಭ್ಯಾಸದಿಂದಲೇ ಬಂದದ್ದು ಎಂದು ಹೇಳಲು ಅವಕಾಶವಿದೆ. ‘ದರ್ಶನ’ವನ್ನು ಮಾತ್ರ ಹುಡುಕುವ ವಿಮರ್ಶೆಗೆ ಈ ಸಂಬಂಧ ಕಾಣುವುದೇ ಇಲ್ಲ.

ಎರಡನೆಯ ಪ್ರಶ್ನೆ ಅನ್ನದ್ದು. ಪಣಿಕ್ಕರ್ 1957ರಲ್ಲಿ ಕಲಾಶಾಲೆಯ ಮುಖ್ಯಸ್ಥರಾದಾಗ, ಶಿಕ್ಷಣ ಮುಗಿಸಿದ ತರುಣರು ಹೊಟ್ಟೆಪಾಡಿಗಾಗಿ ಕುಂಚ ಕೆಳಗಿಟ್ಟು ಬೇರೆ ನೌಕರಿ ಹಿಡಿಯುವುದನ್ನು ಕಾಣುತ್ತಿದ್ದರು. ಚಿತ್ರ ಕೊಳ್ಳುವವರು ಆಗ ಮದರಾಸಿನಲ್ಲಿ ಬೆರಳೆಣಿಕೆಯಷ್ಟು. ಇದಕ್ಕೆ ಅವರು ಮತ್ತು ಶಿಷ್ಯರು ಕಂಡುಕೊಂಡ ಪರಿಹಾರ ಬಾಟಿಕ್ ಮುಂತಾದ ಕೈಕಸುಬು. ಕಲಾವಿದರು ಸಂಘ ಕಟ್ಟಿಕೊಂಡು ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು; ಆ ಹಣದಿಂದ ನಗರದ ದಕ್ಷಿಣಕ್ಕೆ, ಈಂಜಂಬಾಕ್ಕಂ ಎಂಬಲ್ಲಿ, ಕಡಲ ಬದಿಯ ಸುಮಾರು 10 ಎಕರೆ ಮರಳುನೆಲ ಕೊಂಡರು. 1966ರಲ್ಲಿ ಹೀಗೆ ನೆಲೆಗೊಂಡದ್ದು ಚೋಳಮಂಡಲ ಕಲಾಗ್ರಾಮ. ಒಡೆಯನೂ ಕಲಾವಿದನೇ, ಆಳೂ ಕಲಾವಿದನೇ. ದಿನದ ಒಂದು ಪಾಲು ಕಸುಬಿಗೆ, ಉಳಿದುದು ಚಿತ್ರಕ್ಕೆ, ಶಿಲ್ಪಕ್ಕೆ. ರಾಜಾಶ್ರಯ ಮುಗಿದು, ಮಾರುಕಟ್ಟೆಯ ಆಶ್ರಯ ಇನ್ನೂ ಬಾರದಿದ್ದ ಸಂಧಿಕಾಲದಲ್ಲಿ ಕಲಾವಿದರು ತಮಗೆ ತಾವೇ ಆಶ್ರಯವಾದ ಅಪರೂಪದ ಪ್ರಯೋಗ ಇದು. 

ಈ ಪ್ರಯೋಗದಲ್ಲಿ ಕನ್ನಡದ ಪಾಲೂ ಇದೆ. 1941ರಲ್ಲಿ ಮೈಸೂರಿನಲ್ಲಿ ಜನಿಸಿದ ಎಸ್. ಜಿ. ವಾಸುದೇವ್ 1960ರ ದಶಕದಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಕಲಿತು ಚೋಳಮಂಡಲದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು. ಬಹುಕಾಲ ಅಲ್ಲಿದ್ದು ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಅವರ ‘ವೃಕ್ಷ’ ಚಿತ್ರಮಾಲೆಯ ಹಿಂದೆ ಬೇಂದ್ರೆಯವರ ಕಲ್ಪವೃಕ್ಷದ ಕಲ್ಪನೆ ಇದೆ, ಎ. ಕೆ. ರಾಮಾನುಜನ್ನರ ಕವಿತೆಗಳಿಗೂ ಅವರ ರೇಖೆಗಳು ಸ್ಪಂದಿಸಿವೆ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಚಲನಚಿತ್ರಕ್ಕೆ ಕಲಾನಿರ್ದೇಶಕರು ಅವರೇ. ಕನ್ನಡದ ಹೊಸ ಅಲೆಯ ಆ ಚಿತ್ರ ರೂಪುಗೊಂಡದ್ದರಲ್ಲಿ, ಗಿರೀಶ ಕಾರ್ನಾಡರೂ ಇದ್ದ ಮದರಾಸಿನ ಕಲಾವಿದರ, ರಂಗಕರ್ಮಿಗಳ ಬಳಗದ ಪಾತ್ರ ದೊಡ್ಡದು. ಕನ್ನಡ ವಿಮರ್ಶೆ ವಾಸುದೇವರನ್ನು ನೆನೆಯುವುದು ಹೆಚ್ಚಾಗಿ ಈ ಸಾಹಿತ್ಯಸಂಬಂಧಗಳ ಕಾರಣದಿಂದ. ಆದರೆ ಅವರ ತೈಲಚಿತ್ರಗಳ ಮುಂದೆ ನಿಂತವರನ್ನು ಮೊದಲು ಸೆಳೆಯುವುದು ಚಿತ್ರದ ಮೈ. ಬಣ್ಣದ ಮೇಲೆ ಬಣ್ಣವನ್ನು ಪದರ ಪದರವಾಗಿ ಹರಡಿ, ಮೇಲಿನದು ಹಸಿಯಾಗಿರುವಾಗಲೇ ಗೀರಿ, ಕೆಳಗಿನ ಬಣ್ಣವನ್ನು ರೇಖೆಯಾಗಿ ಹೊರತರುವ ಕ್ರಮ ಅವರದು. ನೇಯ್ದ ಬಟ್ಟೆಯ, ಕೊರೆದ ಲೋಹದ ಗುಣ ಚಿತ್ರಕ್ಕೆ ಬರುವುದು ಇದರಿಂದ. ಇದೇ ಕಲಾವಿದರು ತಾಮ್ರದ ತಗಡಿನಲ್ಲಿ ಉಬ್ಬುಚಿತ್ರಗಳನ್ನು ಮಾಡಿದರು ಎಂಬುದನ್ನೂ, ಬಟ್ಟೆಯ ಮೇಲೆ ಮೇಣ ಹಚ್ಚಿ ಕೆಳಗಿನ ಬಣ್ಣವನ್ನು ಕಾಯ್ದುಕೊಳ್ಳುವುದೇ ಬಾಟಿಕ್ಕಿನ ಮೂಲತತ್ತ್ವ ಎಂಬುದನ್ನೂ ಇದರೊಡನೆ ಸೇರಿಸಿ ನೋಡಬೇಕು. ಅನ್ನಕ್ಕಾಗಿ ಹಿಡಿದ ಕಸುಬು ಚೋಳಮಂಡಲದಲ್ಲಿ ಕಲೆಯ ಹೊರಗೆ ನಿಲ್ಲಲಿಲ್ಲ. ಕೈಯ ಮೂಲಕ ಕಲೆಯ ಒಳಗೆ ಬಂತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ತಂತ್ರವೇ ಕಲೆಯಲ್ಲ, ಎಣ್ಣೆಯ ಗುಣ ಬಲ್ಲವರೆಲ್ಲ ಚಿತ್ರಕಾರರಾಗುವುದಿಲ್ಲ, ಬಾಟಿಕ್ ಮಾರಿದವರೆಲ್ಲ ಪಣಿಕ್ಕರ್ ಆಗಲಿಲ್ಲ. ಮಾತು ನಿಜ. ಕರಕುಶಲದ ಬೇಡಿಕೆಗೆ ಒಗ್ಗಿ ಕೈ ಯಾಂತ್ರಿಕವಾಗುವ ಅಪಾಯವೂ ನಿಜವೇ. ಆದರೆ ಛಂದಸ್ಸು ಬಲ್ಲವರೆಲ್ಲ ಪಂಪರಾಗುವುದಿಲ್ಲ ಎಂಬ ಕಾರಣಕ್ಕೆ ಪಂಪನನ್ನು ಓದುವಾಗ ಛಂದಸ್ಸನ್ನು ಯಾರೂ ಬದಿಗಿಡುವುದಿಲ್ಲ. ಸಾಧನದ ಅರಿವು ಪ್ರತಿಭೆಯ ಸ್ಥಾನವನ್ನು ಕಸಿಯುವುದಿಲ್ಲ; ಪ್ರತಿಭೆ ಯಾವ ತೊಡಕನ್ನು ಗೆದ್ದಿತು ಎಂಬುದನ್ನು ತೋರಿಸಿಕೊಡುತ್ತದೆ. ಅದಿಲ್ಲದ ಪ್ರಶಂಸೆ ಯಾವ ಚಿತ್ರಕ್ಕಾದರೂ ಅಂಟಿಸಬಹುದಾದ ಚೀಟಿಯಾಗುತ್ತದೆ.

ಈ ಅರಿವು ಕನ್ನಡನಾಡಿಗೆ ಹೊರಗಿನಿಂದ ಬರಬೇಕಾದುದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪ ಮಾಡುವ ವಿಧಾನವಿದೆ, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವ ಮಾತಿದೆ. ರಾಜನೊಬ್ಬನಿಗೆ ಅಂಟಿನ ಪಾಕವನ್ನು ಬರೆದಿಡುವುದು ಕೀಳೆನಿಸಲಿಲ್ಲ. ಮೈಸೂರು ಶೈಲಿಯ ಚಿತ್ರಗಾರರ ಬಾಯಲ್ಲಿ ಮಕ್ಕಿ ಸಫೇದ, ರೇವಲ್‌ಚಿನ್ನಿ ಮುಂತಾದ ಸಾಮಗ್ರಿಗಳ ಹೆಸರುಗಳು ಬಹುಕಾಲ ಬಾಳಿದವು. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು 1968–71ರಲ್ಲಿ. ಕನ್ನಡದ ಪದಸಂಪತ್ತು ಹೀಗೆ ನಗರದ ಒಂದು ಕಡೆ ಪುನಃ ಒಟ್ಟಾಗುತ್ತಿದ್ದಾಗಲೇ ಇನ್ನೊಂದು ಕಡೆ, ಈಂಜಂಬಾಕ್ಕಂನ ಮರಳಿನಲ್ಲಿ, ಮೈಸೂರಿನ ಚಿತ್ರಕಾರರೊಬ್ಬರು ತಮ್ಮ ಚಿತ್ರಭಾಷೆಯನ್ನು ಕಟ್ಟಿಕೊಳ್ಳುತ್ತಿದ್ದರು. ಈ ಎರಡು ಶ್ರಮಗಳನ್ನು ಒಂದೇ ಸಂಸ್ಕೃತಿಯ ಎರಡು ಮುಖಗಳೆಂದು ಕಾಣುವುದೇ ಈಗ ಆಗಬೇಕಾದ ಕೆಲಸ.

ಅದಕ್ಕೆ ಸಮಯ ಹೆಚ್ಚಿಲ್ಲ. ಚೋಳಮಂಡಲವನ್ನು ಕಟ್ಟಿದ ತಲೆಮಾರಿನ ಹಲವರು ಇಂದು ಇಲ್ಲ. ಉಳಿದವರಿಗೂ ವಯಸ್ಸಾಗಿದೆ. ಚಿತ್ರಗಳು ಸಂಗ್ರಹಾಲಯಗಳಲ್ಲಿ ಉಳಿಯುತ್ತವೆ. ಪದರ ಒಣಗಿತೆಂದು ಬೆರಳು ಹೇಗೆ ತಿಳಿಯಿತು, ಕಾಗದದ ತೇವವನ್ನು ಕಣ್ಣು ಹೇಗೆ ಅಳೆಯಿತು ಎಂಬ ತಿಳಿವು ಹೇಳಿ ಬರೆಸಿಕೊಳ್ಳದಿದ್ದರೆ ಉಳಿಯುವುದಿಲ್ಲ. ಜನಪದ ಗಾಯಕರ ಬಾಯಿಂದ ಹಾಡು ಸಂಗ್ರಹಿಸಿದ ಕನ್ನಡ ವಿಭಾಗಗಳು ಚಿತ್ರಕಾರರ ಬಾಯಿಂದ ಅವರ ಕಸುಬಿನ ಮಾತುಗಳನ್ನು, ಕ್ರಮಗಳನ್ನು, ಬದುಕಿದ ಬಗೆಯನ್ನು ಸಂಗ್ರಹಿಸಲು ಮುಂದಾಗಬೇಕು. ಆಗ ಕನ್ನಡ ವಿಮರ್ಶೆಗೆ ಚಿತ್ರದ ಮುಂದೆ ನಿಂತು ಆಡಲು ತನ್ನದೇ ಮಾತುಗಳು ದೊರೆಯುತ್ತವೆ. ಮಮ್ಮಟ ಹೇಳಿದ ಮೂರು ಒಂದಾಗುತ್ತವೆ.