ಬಣ್ಣದ ದುಡಿಮೆಗೆ ಬೆಲೆ ಕಟ್ಟುವವರು ಯಾರು?

ಕಲೆಗೆ ಜಾತಿಯಿಲ್ಲ, ಬಣ್ಣವಿಲ್ಲ, ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ಸನ್ಮಾನ ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಮಾತು ಬಹಳ ಚೆನ್ನಾಗಿದೆ. ಆದರೆ ರಾಣಿಯ ಪಾತ್ರ ಯಾರಿಗೆ, ದಾಸಿಯ ಪಾತ್ರ ಯಾರಿಗೆ ಎಂದು ಹಂಚುವ ಹೊತ್ತಿಗೆ ಈ ಮಾತು ಎಲ್ಲಿ ಹೋಗಿ ಅಡಗುತ್ತದೆ? ಯಾರ ಮೈಬಣ್ಣ ನಾಯಕಿಗೆ ಒಪ್ಪುತ್ತದೆ, ಯಾರ ಮೈಕಟ್ಟು ನಗೆಪಾಟಲಿಗೆ ಒದಗುತ್ತದೆ ಎಂದು ತೀರ್ಮಾನಿಸುವ ಅಧಿಕಾರವನ್ನು ಯಾರು ಯಾರಿಗೆ ಕೊಟ್ಟರು? ಶ್ರೀಮತಿ ಉಮಾಶ್ರೀಯವರ ಬಾಳನ್ನೂ ಕಲೆಯನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನಾವು ಓದುಗರೆದುರು ಇಡಬಯಸುತ್ತೇವೆ.

ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದ ಈಕೆ ಸಿರಿವಂತರ ಮನೆಯ ಮಗಳಲ್ಲ. ಎರಡು ಮಕ್ಕಳನ್ನು ಒಂಟಿಯಾಗಿ ಸಾಕುವ ಹೊಣೆ ಹೊತ್ತು, ಹೊಟ್ಟೆಪಾಡಿಗಾಗಿಯೂ ಹಂಬಲಕ್ಕಾಗಿಯೂ ಬಣ್ಣ ಹಚ್ಚಿದ ಹೆಣ್ಣು. 1984ರಲ್ಲಿ ಕಾಶಿನಾಥರ 'ಅನುಭವ' ಚಿತ್ರದ ಪದ್ಮಿಯಾಗಿ ನಾಡಿಗೆಲ್ಲ ಪರಿಚಿತರಾದರು. ಆಮೇಲೆ ಚಿತ್ರೋದ್ಯಮ ಮಾಡಿದ್ದೇನು? ಅವರಲ್ಲಿದ್ದ ಕಲಾವಿದೆಯನ್ನು ಬದಿಗಿಟ್ಟು ಮೈಯನ್ನಷ್ಟೆ ಕರೆಯಿತು. ವರ್ಷಗಟ್ಟಲೆ ಎರಡರ್ಥದ ಸಂಭಾಷಣೆ, ಬಜಾರಿ ಹೆಂಡತಿ, ಬಾಯಿಬಡುಕ ನೆರೆಯಾಕೆ. ಆ ಪಾತ್ರಗಳಿಗೆ ಜನ ನಕ್ಕರು, ನಿರ್ಮಾಪಕರ ಪೆಟ್ಟಿಗೆ ತುಂಬಿತು. ಆದರೆ 'ಅಶ್ಲೀಲ' ಎಂಬ ಬೈಗುಳ ಮಾತ್ರ ನಟಿಯ ಪಾಲಿಗೆ ಬಂತು. ಸಂಭಾಷಣೆ ಬರೆದವನನ್ನಾಗಲಿ, ಹಣ ಹಾಕಿದವನನ್ನಾಗಲಿ ಯಾರೂ ಕಟಕಟೆಗೆ ಕರೆಯಲಿಲ್ಲ. ಲಾಭ ಒಡೆಯನಿಗೆ, ಅಪವಾದ ದುಡಿದವಳಿಗೆ; ಗಿರಣಿಯ ನ್ಯಾಯವೇ ಸ್ಟುಡಿಯೋದ ನ್ಯಾಯ!

ಅದೇ ಕಾಲದಲ್ಲಿ ರಂಗಭೂಮಿ ಬೇರೊಂದನ್ನು ತೋರಿಸಿಕೊಟ್ಟಿತು. ನಮ್ಮ ಮೈಸೂರಿನಲ್ಲಿ ನೆಲೆಸಿದ, ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಸಾಕವ್ವನ ಪಾತ್ರ ಉಮಾಶ್ರೀಯವರ ಪಾಲಿಗೆ ಬಂತು. ಕಳೆದುಹೋದ ಹುಂಜವನ್ನು ಹುಡುಕುವ ಒಬ್ಬ ದಲಿತ ಮುದುಕಿ, ಹಸಿದ ಮನೆ, ಬಾಗಿಲಿಗೆ ಬಂದ ಪೋಲೀಸರು. ಕತೆ ಇಷ್ಟೆ. ಈ ಭಾಗದ ಹಳ್ಳಿಗರ ಆಡುನುಡಿಯಲ್ಲಿ ಆ ಮುದುಕಿ ಮಾತಿಗೆ ನಿಂತಾಗ, ಸಿನೆಮಾದಲ್ಲಿ ನಗಿಸಲೆಂದೇ ಬಳಸಿದ ದನಿಯಲ್ಲಿ ಇಷ್ಟು ಸಿಟ್ಟು, ಇಷ್ಟು ಮಮತೆ ಇತ್ತೆ ಎಂದು ಪ್ರೇಕ್ಷಕರು ಬೆರಗಾದರು. ನಟಿ ಬದಲಾಗಿರಲಿಲ್ಲ. ಬದಲಾದದ್ದು ಪಾತ್ರ. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ಮುಂದೆ ಗಿರೀಶ ಕಾಸರವಳ್ಳಿಯವರು ವೈದೇಹಿಯವರ ಕತೆಯನ್ನು ಆಧರಿಸಿ 'ಗುಲಾಬಿ ಟಾಕೀಸ್' ತೆಗೆದರು. ಕರಾವಳಿಯ ಮೀನುಗಾರರ ನಡುವೆ ಬಾಳುವ ಬಡ ಮುಸಲ್ಮಾನ ಸೂಲಗಿತ್ತಿ ಗುಲಾಬಿಯ ಮನೆಗೆ ಟೆಲಿವಿಷನ್ ಬರುತ್ತದೆ. ಅದನ್ನು ನೋಡಲು ಕೇರಿಯ ಹೆಂಗಸರು ಸೇರುತ್ತಾರೆ. ಊರಿನಲ್ಲಿ ಮತದ್ವೇಷ ಏರಿದಾಗ ಚದರಿಹೋಗುತ್ತಾರೆ. ಈ ಪಾತ್ರಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಉಮಾಶ್ರೀಯವರಿಗೆ ಸಂದಿತು. 'ಅನುಭವ' ತೆರೆಕಂಡು ಆಗ 20 ವರ್ಷಗಳೇ ಮೀರಿದ್ದವು. ಆ ವರ್ಷಗಳ ಲೆಕ್ಕವನ್ನು ಯಾರು ಒಪ್ಪಿಸುತ್ತಾರೆ?

2021ರ ಡಿಸೆಂಬರಿನಲ್ಲಿ ಜೀ ಕನ್ನಡ ವಾಹಿನಿಯಲ್ಲಿ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಆರಂಭವಾಯಿತು. ಗಂಡುಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ ಹೆಣ್ಣು, ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಓದಿಸುವ ಕತೆ. ಒಲೆಯ ಮುಂದೆ ಬೆವರುವ, ನಡುವಯಸ್ಸು ದಾಟಿದ ಹೆಂಗಸು ಕತೆಯ ಒಡತಿಯಾದಳು. ಇಂಥವಳನ್ನು ಯಾರು ನೋಡುತ್ತಾರೆ ಎಂದು ವ್ಯಾಪಾರಿಗಳು ಕೇಳುವುದುಂಟು. ನೋಡಿದವರು ಲಕ್ಷಾಂತರ ಜನ. ಮಂಡಿ ಮೊಹಲ್ಲಾದಲ್ಲಿ ಬೀಡಿ ಸುತ್ತುವವರಿಗೆ, ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುವವರಿಗೆ, ಅಗ್ರಹಾರದ ಮನೆಗಳಲ್ಲಿ ಪಾತ್ರೆ ತೊಳೆದು ಸಂಜೆ ಹಿಂದಿರುಗುವವರಿಗೆ ಪುಟ್ಟಕ್ಕ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಧಾರಾವಾಹಿಗಳ ಅತಿ ಕಣ್ಣೀರು, ಎಳೆದಾಟ, ಹೆಣ್ಣು ಸಹಿಸಿದಷ್ಟೂ ದೊಡ್ಡವಳೆಂಬ ಉಪದೇಶ, ಇವನ್ನು ನಾವು ಒಪ್ಪುವವರಲ್ಲ. ಆದರೂ ದುಡಿಯುವ ಹೆಣ್ಣು ನಾಯಕಿಯಾದರೆ ಜನ ಮುಖ ತಿರುಗಿಸುತ್ತಾರೆಂಬ ಸುಳ್ಳು ಇಲ್ಲಿ ಬಯಲಾಯಿತು.

ಈ ಸುಳ್ಳು ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದ ನೀಗ್ರೋ ನಟಿಯರ ಚರಿತ್ರೆಯೂ ಇದೇ. ಗುಲಾಮರಾಗಿದ್ದ ತಂದೆತಾಯಿಯರ ಮಗಳು ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. ಪ್ರಶಸ್ತಿ ಬಂದದ್ದು ಕೆಲಸದಾಕೆಯ ಪಾತ್ರಕ್ಕೆ. ಆ ರಾತ್ರಿ ಆಕೆಯನ್ನು ಕೂರಿಸಿದ್ದು ಸಂಗಡಿಗರಿಂದ ದೂರದ ಬೇರೆ ಮೇಜಿನಲ್ಲಿ. 1950ರಲ್ಲಿ ಅಲ್ಲಿನ ಟೆಲಿವಿಷನ್ನಿನಲ್ಲಿ 'ಬ್ಯೂಲಾ' ಎಂಬ ಧಾರಾವಾಹಿ ಆರಂಭವಾಗಿ ಎಥೆಲ್ ವಾಟರ್ಸ್ ಮುಖ್ಯ ಪಾತ್ರ ವಹಿಸಿದರು. ಆ ಪಾತ್ರವೂ ಬಿಳಿಯರ ಮನೆಯ ಕೆಲಸದಾಕೆಯದೇ. ಅದಕ್ಕಿಂತ ಮೊದಲು ರೇಡಿಯೋದಲ್ಲಿ ಆ ಕಪ್ಪು ಹೆಣ್ಣಿಗೆ ದನಿ ಕೊಟ್ಟವನು ಒಬ್ಬ ಬಿಳಿಯ ಗಂಡಸು! 1968ರಲ್ಲಿ 'ಜೂಲಿಯಾ' ಧಾರಾವಾಹಿಯ ಡಯಾನ್ ಕ್ಯಾರಲ್ ನರ್ಸಿನ ಪಾತ್ರದಲ್ಲಿ ತಲೆಯೆತ್ತಿ ನಿಂತರು. ನಾಟಕೀಯ ಧಾರಾವಾಹಿಯ ಪ್ರಧಾನ ನಟಿಗೆ ಕೊಡುವ ಎಮ್ಮಿ ಪ್ರಶಸ್ತಿ ಕಪ್ಪು ಹೆಣ್ಣಿಗೆ ಸಿಕ್ಕಲು 2015ರವರೆಗೆ ಕಾಯಬೇಕಾಯಿತು. ಅದನ್ನು ಪಡೆದ ವಯೋಲಾ ಡೇವಿಸ್ ಆಡಿದ ಮಾತಿನ ಸಾರ ಇದು: ತಮಗೂ ಇತರರಿಗೂ ಇರುವ ಅಂತರ ಅವಕಾಶದ್ದು, ಇಲ್ಲದ ಪಾತ್ರಕ್ಕೆ ಪ್ರಶಸ್ತಿ ಗೆಲ್ಲಲಾಗದು. ಸಾಕವ್ವನ ಪಾತ್ರ ನಮಗೆ ಕಲಿಸಿದ ಪಾಠವೂ ಅದೇ ಅಲ್ಲವೆ?

1964ರಲ್ಲಿ ಡಾ. ರಾಮಮನೋಹರ ಲೋಹಿಯಾ ಅಮೆರಿಕದ ಮಿಸಿಸಿಪ್ಪಿ ಸಂಸ್ಥಾನದ ಜ್ಯಾಕ್ಸನ್ ನಗರದಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಉಪಹಾರಗೃಹಕ್ಕೆ ಹೋಗಿ ಬಂಧನಕ್ಕೊಳಗಾದರು. ಚೆಲುವೆಂದರೆ ಬಿಳಿ ತೊಗಲೆಂಬ ಭ್ರಮೆ ರಾಜಕೀಯದಿಂದ ಹುಟ್ಟಿದ್ದು, ಜಗತ್ತನ್ನಾಳಿದವರ ಬಣ್ಣವೇ ಚೆಲುವಿನ ಅಳತೆಗೋಲಾಯಿತು ಎಂದು ಅವರು ವಾದಿಸಿದರು. ಜ್ಯಾಕ್ಸನ್ನಿನಂಥ ಬಾಗಿಲ ಫಲಕಗಳು ಇಂದು ಇಲ್ಲ. ಫಲಕವಿಲ್ಲದೆಯೇ ಹೊರಗಿಡುವ ಬಾಗಿಲುಗಳು ಮಾತ್ರ ಬೇಕಾದಷ್ಟಿವೆ. ನಮ್ಮ ಧಾರಾವಾಹಿಗಳ ನಾಯಕಿಯರನ್ನು ಸಾಲಾಗಿ ನಿಲ್ಲಿಸಿ ನೋಡಿ. ಕೂಲಿಕಾರ್ತಿಯ ಪಾತ್ರಕ್ಕೂ ಬಿಳಿಚರ್ಮದ ಹುಡುಗಿಯನ್ನೇ ತಂದು ಮುಖಕ್ಕೆ ಕಪ್ಪು ಬಳಿಯುವ ಪದ್ಧತಿ ಕಂಡಿದ್ದೇವೆ. ನಡುನಡುವೆ ಮುಖ ಬೆಳಗಿಸುವ ಮುಲಾಮಿನ ಜಾಹೀರಾತು. ಅಂಥದೊಂದು ಹೆಸರಾಂತ ಮುಲಾಮು 2020ರಲ್ಲಿ ತನ್ನ ಹೆಸರಿನಿಂದ ಬಿಳುಪಿನ ಮಾತನ್ನು ಕಿತ್ತುಹಾಕಿತು. ಡಬ್ಬಿಯ ಹೆಸರು ಬದಲಾದೊಡನೆ ನೋಡುವ ಕಣ್ಣು ಬದಲಾಯಿತೆ?

ಆಫ್ರಿಕದಿಂದ ಶತಮಾನಗಳ ಹಿಂದೆ ತರಲ್ಪಟ್ಟವರ ವಂಶದ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿದ್ದಾರೆ. ಅವರು ಕನ್ನಡಿಗರೇ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಹೆಗ್ಗೋಡಿನ ನೀನಾಸಂನಲ್ಲಿ ನಟನೆ ಕಲಿತವರು ಅವರಲ್ಲಿದ್ದಾರೆ. 2021ರ 'ಸಲಗ' ಚಿತ್ರದಲ್ಲಿ ಅವರ ಹಾಡು ನಾಡೆಲ್ಲ ಕೇಳಿತು. ಹಾಡಿಗೆ ಕುಣಿದದ್ದಾಯಿತು. ಸಿದ್ದಿ ಹೆಣ್ಣುಮಗಳೊಬ್ಬಳು ವೈದ್ಯೆಯಾಗಿ, ಶಿಕ್ಷಕಿಯಾಗಿ, ಒಬ್ಬ ತಾಯಿಯಾಗಿ ವರ್ಷಗಟ್ಟಲೆ ಓಡುವ ಧಾರಾವಾಹಿಯ ನಾಯಕಿಯಾಗುವುದು ಯಾವಾಗ?

ಉಮಾಶ್ರೀಯವರನ್ನೇ ನೋಡಿ ಎಂದು ಕೆಲವರು ನಮ್ಮ ಬಾಯಿ ಮುಚ್ಚಿಸಬಹುದು. ನೇಕಾರರ ಬೀಡಾದ ತೇರದಾಳ ಕ್ಷೇತ್ರದಲ್ಲಿ 2008ರಲ್ಲಿ ಸೋತು 2013ರಲ್ಲಿ ಗೆದ್ದರು. 2018ರವರೆಗೆ ಮಂತ್ರಿಯಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನು ನೋಡಿಕೊಂಡರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರ ಪಕ್ಷದ ರಾಜಕೀಯದ ವಿಚಾರ ಇಲ್ಲಿ ಬೇಡ. ಒಬ್ಬಾಕೆ ಈಜಿ ದಡ ಸೇರಿದಳೆಂದರೆ ಹೊಳೆಯ ಸೆಳವು ಕಡಿಮೆಯಾಯಿತೆಂದು ಅರ್ಥವಲ್ಲ. ಅದೇ ಕಾಲಕ್ಕೆ ಅದೇ ಹೊಳೆಗೆ ಬಿದ್ದ ಎಷ್ಟು ನಟಿಯರು ಗುರುತಿಲ್ಲದೆ ಮುಳುಗಿದರು ಎಂದು ಕೇಳಬೇಡವೆ?

ಧಾರಾವಾಹಿ ಎಂದೊಡನೆ ಮೈಸೂರಿಗೆ ಇನ್ನೊಂದು ನೆನಪೂ ಇದೆ. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ಕುರಿತ ಧಾರಾವಾಹಿಯ ಚಿತ್ರೀಕರಣ ನಡೆದಿದ್ದಾಗ ನಮ್ಮ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿತ್ತು. 62 ಜನ ಸತ್ತರು. ತೆರೆಯ ಮೇಲಿನ ಅರಮನೆಯ ಹಿಂದೆ ದೀಪ ಹಿಡಿಯುವ, ಹಲಗೆ ಹೊಡೆಯುವ, ಗುಂಪಿನಲ್ಲಿ ನಿಲ್ಲುವ ಜನರಿರುತ್ತಾರೆ ಎಂಬುದನ್ನು ಈ ಊರು ಅಂದು ಕಣ್ಣೀರಿನಲ್ಲಿ ಕಲಿತಿತು. ನಟಿಯ ಘನತೆ ಬೇರೆ, ಕಾರ್ಮಿಕನ ಸುರಕ್ಷತೆ ಬೇರೆ ಎಂದು ನಾವು ಬಗೆಯುವುದಿಲ್ಲ. ಇಬ್ಬರದೂ ದುಡಿಮೆ, ಇಬ್ಬರ ಬೆಲೆಯನ್ನೂ ಕಟ್ಟುವವನು ಹಣ ಹೂಡುವವನೇ.

2024ರಲ್ಲಿ ಕರ್ನಾಟಕದ ಶಾಸನಸಭೆ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗಾಗಿ ಕಾನೂನು ಮಾಡಿತು. ಸಿನೆಮಾ ಟಿಕೇಟು, ವೀಕ್ಷಣೆಯ ಚಂದಾ ಮುಂತಾದವುಗಳ ಮೇಲೆ ಶೇ. 1ರಿಂದ 2ರವರೆಗೆ ಕರ ಎತ್ತಿ ನಿಧಿ ಸ್ಥಾಪಿಸಲು, ಮಂಡಳಿ ರಚಿಸಲು ಅದರಲ್ಲಿ ಅವಕಾಶವಿದೆ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕಾನೂನು ಗೆಜೆಟ್ಟಿನ ಹಾಳೆಯಲ್ಲಿ ಮಲಗಿದರೆ ಯಾರ ಒಲೆಯೂ ಹತ್ತಿಕೊಳ್ಳದು. ಜೂನಿಯರ್ ಕಲಾವಿದೆಗೂ ಲಿಖಿತ ಒಪ್ಪಂದ, ಗೊತ್ತಾದ ಕೆಲಸದ ಹೊತ್ತು, ರಾತ್ರಿ ಮನೆ ತಲುಪಲು ವಾಹನ, ಕಾಯಿಲೆಗೂ ಅಪಘಾತಕ್ಕೂ ವಿಮೆ, ಮುಪ್ಪಿಗೆ ಪಿಂಚಣಿ ದೊರೆಯಬೇಕು. ಮಂಡಳಿಯಲ್ಲಿ ನಿರ್ಮಾಪಕರ ಎದುರು ಕುಳಿತು ಮಾತಾಡುವ ಹಕ್ಕು ದುಡಿಯುವವರಿಗಿರಬೇಕು. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ನಮ್ಮ ಊರಿನಲ್ಲೇ ಇದೆ. ಬೀಡಿ ಕಾರ್ಮಿಕರ, ಪೌರಕಾರ್ಮಿಕರ, ಸಿದ್ದಿಗಳ, ಹಾಡಿಗಳ ಹೆಣ್ಣುಮಕ್ಕಳಿಗೆ ಅಂಥ ಸಂಸ್ಥೆಗಳಲ್ಲಿ ವಿದ್ಯಾರ್ಥಿವೇತನದೊಡನೆ ತರಬೇತಿ ಸಿಗಬೇಕು. ಅವರ ಬಾಳಿನಿಂದ ಕತೆಗಳು ಬರಬೇಕು; ಬರೆಯುವವರೂ ಅವರೊಳಗಿನಿಂದಲೇ ಬರಬೇಕು.

ಓದುಗರಿಗೂ ಒಂದು ಮಾತಿದೆ. ವಾಹಿನಿಗಳು ನಮ್ಮ ಕಣ್ಣುಗಳನ್ನು ಎಣಿಸಿ ಜಾಹೀರಾತುದಾರರಿಗೆ ಮಾರುತ್ತವೆ. ಮಾರಾಟವಾಗುತ್ತಿರುವುದು ನಮ್ಮ ಕಣ್ಣಾದ ಮೇಲೆ ಬೆಲೆಯ ಮಾತಿನಲ್ಲಿ ನಮಗೂ ಪಾಲುಂಟು. ದುಡಿಯುವ ಹೆಣ್ಣನ್ನು ಹೀಯಾಳಿಸುವ ನಗೆಗೆ ನಾವು ನಗದಿರೋಣ. ಅವಳನ್ನು ಮನುಷ್ಯಳಾಗಿ ತೋರಿಸಿದ ಕತೆಯನ್ನು ನೋಡೋಣ, ನಾಲ್ಕು ಜನರಿಗೆ ಹೇಳೋಣ, ವಾಹಿನಿಗಳಿಗೆ ಕಾಗದ ಬರೆಯೋಣ. ಸಾಕವ್ವ, ಗುಲಾಬಿ, ಪುಟ್ಟಕ್ಕ, ಈ ಮೂವರೂ ಒಬ್ಬ ನಟಿಯ ಭಾಗ್ಯವೆಂದು ಬಗೆದು ಸುಮ್ಮನಾದರೆ ಅವರು ಮೂವರಾಗಿಯೇ ಉಳಿಯುತ್ತಾರೆ. ಅಂಥ ಹೆಂಗಸರು ಈ ಊರಿನ ಒಂದೊಂದು ಬೀದಿಯಲ್ಲೂ ಇದ್ದಾರೆ. ತೆರೆಯ ಮೇಲೆ ಅವರಿಗೆ ಸಲ್ಲಬೇಕಾದ ಜಾಗವನ್ನು ನಾವು ಹಕ್ಕಾಗಿ ಕೇಳುತ್ತಿದ್ದೇವೆ.