ಬಾಂಡ್ ಪೇಪರಿನ ಕೊನೆಯ ಸಾಲು

ಕುರ್ಡಿ ಹೋಬಳಿಯ ಹಿರಿಯರಿಗೆ, ಬಾಂಡ್ ಬರೆಯುವ ಅಣ್ಣಂದಿರಿಗೆ, ತವರಿಗೆ ಮರಳಿದ ಅಕ್ಕ-ತಂಗಿಯರಿಗೆ, ಅವರ ಅಪ್ಪಂದಿರಿಗೆ ಕೈಮುಗಿದು ಬರೆಯುತ್ತಿದ್ದೇನೆ.

ನಮ್ಮಲ್ಲಿ ಗಂಡ-ಹೆಂಡತಿ ಕೂಡಿ ಬಾಳದೆ ಹೋದಾಗ ಮೊದಲು ಕೂಡುವುದು ದೈವ, ಅಂದರೆ ಹಿರಿಯರ ಪಂಚಾಯಿತಿ. ಎರಡೂ ಕಡೆಯವರು ಕಟ್ಟೆಯ ಮೇಲೆ ಕುಂತು ಹಗಲೆಲ್ಲ ಮಾತಾಡುತ್ತಾರೆ. ಸಂಜೆ ಹೊತ್ತಿಗೆ ಬಾಂಡ್ ಪೇಪರ್ ಬರುತ್ತದೆ. ಕೊಟ್ಟ ಬಂಗಾರ, ಹಂಡೆ-ಕೊಡ, ತಿಜೋರಿ ವಾಪಸಾಯಿತು ಎಂದು ಬರೆದು, ಒಂದು ಮೊತ್ತ ಹಾಕಿ, ಕೊನೆಗೆ ಒಂದು ಸಾಲು ಸೇರಿಸುತ್ತಾರೆ: ಇನ್ನು ಮುಂದೆ ಜೀವನಾಂಶ ಮುಂತಾಗಿ ಏನನ್ನೂ ಕೇಳುವುದಿಲ್ಲ. ಹುಡುಗಿ ಹೆಬ್ಬೆಟ್ಟು ಒತ್ತುತ್ತಾಳೆ. ನನ್ನ ಮನವಿ ಇರುವುದು ಆ ಒಂದು ಸಾಲಿನ ಬಗ್ಗೆ. ದಯವಿಟ್ಟು ಅದನ್ನು ಬರೆಯಬೇಡಿ, ಬರೆಸಬೇಡಿ, ಅದರ ಕೆಳಗೆ ರುಜು ಹಾಕಬೇಡಿ.

ಹನ್ನೊಂದು ವರ್ಷದ ಹಿಂದೆ ಅಂಥದೊಂದು ಬಾಂಡಿಗೆ ನಾನೇ ಸಾಕ್ಷಿಯಾಗಿ ರುಜು ಹಾಕಿದ್ದೇನೆ. ಮೊತ್ತ 70,000 ರೂಪಾಯಿ. ಅದು ಹುಡುಗಿಯ ಕೈಗೆ ಬರಲೇ ಇಲ್ಲ, ಅವಳ ಅಪ್ಪನ ಕೈಗೆ ಬಂತು. ಮದುವೆಗೆ ಮಾಡಿದ್ದ ಸಾಲ ಇನ್ನೂ ತೀರಿರಲಿಲ್ಲ, ಅದಕ್ಕೆ ಹೋಯಿತು. ಅವಳ ಕಂಕುಳಲ್ಲಿ ಆಗ ಕೂಸಿತ್ತು. ಆ ಕೂಸು ಈಗ ಆರನೇ ಕ್ಲಾಸು ಓದುತ್ತಿದೆ. ತಾಯಿ ಹತ್ತಿ ಬಿಡಿಸಲಿಕ್ಕೆ, ಮೆಣಸಿನಕಾಯಿ ಹರಿಯಲಿಕ್ಕೆ ಹೋಗುತ್ತಾಳೆ, ಕೂಲಿ ಇಲ್ಲದ ತಿಂಗಳಲ್ಲಿ ಅಣ್ಣನ ಮನೆಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಾಳೆ. ಮಗನ ಖರ್ಚಿಗೆ ಕೇಳು ಅಂದರೆ, “ಬಾಂಡಿಗೆ ಹೆಬ್ಬೆಟ್ಟು ಒತ್ತೀನಲ್ಲರೀ ಅಣ್ಣಾರ, ಇನ್ನೇನ್ ಕೇಳ್ಲಿ” ಅನ್ನುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ನನ್ನ ರುಜು ನೆನಪಾಗುತ್ತದೆ.

ಅವಳು ಕೇಳಬಹುದಿತ್ತು. ಇದನ್ನು ನಮಗೆ ತೋರಿಸಿಕೊಟ್ಟವಳು ನಮ್ಮ ಕಡೆಯವಳೇ. ಕಲಬುರಗಿಯ ಒಬ್ಬ ಹೆಣ್ಣುಮಗಳು 1994ರಲ್ಲಿ 8,000 ರೂಪಾಯಿ ಒಂದೇ ಗಂಟಾಗಿ ತೆಗೆದುಕೊಂಡು, ಮುಂದೆ ಏನೂ ಕೇಳುವುದಿಲ್ಲ ಎಂದು ರಾಜಿ ಮಾಡಿಕೊಂಡಿದ್ದಳು. ಅದು ಕಟ್ಟೆಯ ಮೇಲಿನ ರಾಜಿಯಲ್ಲ, ಕೋರ್ಟಿಗೆ ಹಾಕಿದ ರಾಜಿ. ಆದರೂ ವರ್ಷಗಳ ಮೇಲೆ ಅವಳು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಮತ್ತೆ ದಾವೆ ಹೂಡಿದಳು. ಕಲಬುರಗಿಯ ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 2,000 ರೂಪಾಯಿ ಕೊಡಿಸಿತು, ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಗಂಡ ದಿಲ್ಲಿಯವರೆಗೂ ಹೋದ. 2013ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅವನ ಅರ್ಜಿಯನ್ನು ತಳ್ಳಿಹಾಕಿತು. ಜೀವನಾಂಶ ಕೇಳುವುದಿಲ್ಲ ಎಂಬ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ, ಅದಕ್ಕೆ ಬೆಲೆ ಇಲ್ಲ ಎಂದಿತು. ಕೋರ್ಟಿನೊಳಗೆ ಬರೆದ ರಾಜಿಯೇ ನಿಲ್ಲದಿದ್ದರೆ ನಮ್ಮ ಬಾಂಡ್ ಪೇಪರು ಹೇಗೆ ನಿಂತೀತು? ಇನ್ನು ಮಕ್ಕಳ ಪಾಲನ್ನಂತೂ ಯಾವ ತಾಯಿಯೂ ಬರೆದುಕೊಡಲಾರಳು, ಅದು ಮಕ್ಕಳ ಹಕ್ಕು.

ಹಾಗಿದ್ದರೆ ಬರೆದರೇನು ನಷ್ಟ ಎಂದು ಕೇಳಬೇಡಿ. ನಷ್ಟ ಇದೆ. ಆ ಸಾಲನ್ನು ನಂಬಿ ಹೆಣ್ಣುಮಕ್ಕಳು ಹತ್ತಾರು ವರ್ಷ ಬಾಯಿ ಮುಚ್ಚಿಕೊಂಡಿರುತ್ತಾರೆ. ಇನ್ನೊಂದು, ಇಬ್ಬರೂ ಒಪ್ಪಿ ಬೇರೆ ಇದ್ದೇವೆ ಎಂದು ಬರೆದಿದ್ದರೆ ಗಂಡನ ವಕೀಲರಿಗೆ ವಾದ ಸಿಕ್ಕಂತಾಗುತ್ತದೆ. ಮದುವೆ ಊರ್ಜಿತದಲ್ಲಿರುವಾಗ ಪರಸ್ಪರ ಒಪ್ಪಿ ಬೇರೆಯಿರುವ ಹೆಂಡತಿಗೆ ಜೀವನಾಂಶ ಇಲ್ಲ ಎಂಬ ಮಾತು ಕಾನೂನಿನಲ್ಲಿದೆ. ಕೋರ್ಟಿನಲ್ಲಿ ಒಪ್ಪಿ ವಿಚ್ಛೇದನ ಪಡೆದವಳಿಗೆ ಆ ಅಡ್ಡಿ ಇಲ್ಲವೆಂದು 1995ರಲ್ಲಿ, ಅದೂ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ಕಟ್ಟೆಯ ಬಾಂಡು ಹುಡುಗಿಯನ್ನು ಈ ಎರಡು ಸ್ಥಿತಿಗಳ ನಡುವೆ ಎಲ್ಲಿಯೂ ಸಲ್ಲದ ಜಾಗದಲ್ಲಿ ನಿಲ್ಲಿಸುತ್ತದೆ. ಸೋಡಚೀಟಿ, ಅಂದರೆ ವಿಚ್ಛೇದನ, ಆಯಿತೆಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ಹಿಂದಿನಿಂದ ನಡೆದುಬಂದ ಕುಲದ ಪದ್ಧತಿ ಎಂದು ಸಾಕ್ಷಿ ಸಮೇತ ರುಜುವಾತು ಮಾಡದ ಹೊರತು, ಬಾಂಡಿನಿಂದ ಹಿಂದೂ ಮದುವೆ ಮುರಿಯುವುದಿಲ್ಲ. ಆ ಕಾಗದ ತೋರಿಸಿ ಗಂಡ ಇನ್ನೊಂದು ಮದುವೆಯಾದರೆ ಅದು ಅಪರಾಧ. ಹಿರಿಯರೇ, ಅದರ ಕೆಳಗೆ ನಿಮ್ಮ ಹೆಸರಿರುತ್ತದೆ.

ನಾನು ದೈವವನ್ನು ದೂರುತ್ತಿಲ್ಲ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ 1933ರಲ್ಲೇ ಬಂದಿತ್ತು. ತಕ್ಕ ಕಾರಣವಿದ್ದರೆ ಹೆಂಡತಿ ಬೇರೆ ವಾಸಿಸಿ ಜೀವನಾಂಶ ಪಡೆಯಬಹುದಿತ್ತು. ನಾವು ನಿಜಾಮನ ಸೀಮೆಯವರು, ನಮ್ಮ ಅಜ್ಜಿಯರಿಗೆ ಆ ಕಾಯ್ದೆ ಮುಟ್ಟಲಿಲ್ಲ. ಆಗ ಅವರಿಗೆ ಕಟ್ಟೆಯೇ ಆಸರೆ. ಈಗ ಹಾಗಿಲ್ಲ.

ಈಗ ಇರುವುದೇನು? ಮೊದಲು ಸಿ.ಆರ್.ಪಿ.ಸಿ. 125 ಅನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ತನ್ನನ್ನು ತಾನು ಸಾಕಿಕೊಳ್ಳಲಾಗದ ಹೆಂಡತಿ, ಮರುಮದುವೆಯಾಗದ ವಿಚ್ಛೇದಿತೆ, ಮಕ್ಕಳು, ವಯಸ್ಸಾದ ತಂದೆ-ತಾಯಿ ಅದರಡಿ ಕೇಳಬಹುದು. ಜಾತಿ, ಧರ್ಮ ಅಡ್ಡ ಬರುವುದಿಲ್ಲ. 2024ರ ಜುಲೈ 10ರಂದು ನಮ್ಮ ಪಕ್ಕದ ತೆಲಂಗಾಣದ ಪ್ರಕರಣವೊಂದರಲ್ಲಿ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ, ತಲಾಖ್ ಆದ ಮುಸ್ಲಿಂ ಹೆಣ್ಣುಮಗಳೂ ಇದೇ ಸೆಕ್ಷನ್ನಿನಲ್ಲಿ ಕೇಳಬಹುದೆಂದು ಸ್ಪಷ್ಟಪಡಿಸಿತು. ವಿಚ್ಛೇದಿತೆ ಉಡಿಕೆ, ಅಂದರೆ ಮರುಮದುವೆ, ಆದರೆ ಅವಳ ಪಾಲು ನಿಲ್ಲುತ್ತದೆ, ಮಕ್ಕಳದು ನಿಲ್ಲುವುದಿಲ್ಲ.

ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ, ಅಲ್ಲಿಗೆ ಹೋಗಿ ಕೇಸು ಹಾಕುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಹೋಗಬೇಕಿಲ್ಲ, ಅವಳು ಇರುವ ಜಾಗದಲ್ಲೇ ಅರ್ಜಿ ಹಾಕಬಹುದು. ಮದುವೆ ರಿಜಿಸ್ಟ್ರಿ ಆಗಿಲ್ಲ ಎಂದು ಹೆದರಬೇಡಿ. ಗಂಡ-ಹೆಂಡತಿಯಾಗಿ ಬಾಳಿದ್ದು ಕಂಡರೆ ಈ ಅರ್ಜಿಗೆ ಕಟ್ಟುನಿಟ್ಟಾದ ಪುರಾವೆ ಬೇಕಿಲ್ಲ, ಲಗ್ನಪತ್ರಿಕೆ, ಫೋಟೊ, ರೇಷನ್ ಕಾರ್ಡು ತನ್ನಿ. ಹೊಲ ನನ್ನ ಹೆಸರಲ್ಲಿಲ್ಲ, ಅಪ್ಪನ ಹೆಸರಲ್ಲಿದೆ ಎಂದು ಗಂಡ ಅಂದಾನು. ಪಹಣಿ ತೆಗೆಸಿ. ಭತ್ತ, ಹತ್ತಿ ಮಾರಿದ ಪಟ್ಟಿ, ಟ್ರ್ಯಾಕ್ಟರಿನ ಕಾಗದ, ಫೋನ್‌ಪೇಯಲ್ಲಿ ಹಣ ಹಾಕಿದ ಗುರುತು, ಸಿಕ್ಕಿದ್ದೆಲ್ಲ ಕೂಡಿಡಿ. ಮೈಯಲ್ಲಿ ಕಸುವಿರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ-ಮಕ್ಕಳನ್ನು ಸಾಕಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2020ರ ನವೆಂಬರಿನ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲವನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಕೇಸು ಮುಗಿಯುವ ಮೊದಲೇ ಮಧ್ಯಂತರ ಜೀವನಾಂಶ ಕೇಳಬಹುದು. ನೋಟೀಸು ಮುಟ್ಟಿದ 60 ದಿನದೊಳಗೆ ಸಾಧ್ಯವಾದಷ್ಟು ಅದನ್ನು ತೀರ್ಮಾನಿಸಬೇಕು ಎಂದು ಕಾನೂನಿನಲ್ಲಿದೆ.

ಆದೇಶವಾದ ಮೇಲೂ ಕೊಡದಿದ್ದರೆ ಸುಮ್ಮನಿರಬೇಡಿ. ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಇದನ್ನು ಮರೆತು ಕಳೆದುಕೊಂಡವರಿದ್ದಾರೆ. ಬಾಕಿಯ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು, ಜೈಲಿನಲ್ಲಿ ಇದ್ದು ಬಂದರೂ ಬಾಕಿ ತೀರುವುದಿಲ್ಲ.

ಗಂಡುಮಕ್ಕಳ ಮಾತೂ ನನಗೆ ಗೊತ್ತಿದೆ. ತಿಂಗಳಿಗೆ 6,16,300 ರೂಪಾಯಿ ಬೇಕೆಂದ ಹೆಂಡತಿಯ ಕೋರಿಕೆಗೆ 2024ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳು ಗದರಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಜೀವನಾಂಶ ಅಂದರೆ ಸುಲಿಗೆ ಎಂದು ಅಂದಿನಿಂದ ಹಲವರು ಅನ್ನುತ್ತಾರೆ. ಕೋರ್ಟು ಕೇಳಿದ್ದನ್ನೆಲ್ಲ ಕೊಡಿಸುವುದಿಲ್ಲ ಎಂಬುದಕ್ಕೆ ಆ ವಿಡಿಯೊವೇ ಸಾಕ್ಷಿ. ಗಂಡನ ದುಡಿಮೆ, ಅವನ ಮೇಲಿರುವ ತಂದೆ-ತಾಯಿಯ ಭಾರ, ಹೆಂಡತಿಯ ಗಳಿಕೆ ಎಲ್ಲವನ್ನೂ ತೂಗಿ ಮೊತ್ತ ಗೊತ್ತುಮಾಡುತ್ತಾರೆ. ಪರಿಸ್ಥಿತಿ ಬದಲಾದರೆ ಹೆಚ್ಚು-ಕಡಿಮೆ ಮಾಡಿಸಿಕೊಳ್ಳಬಹುದು. ಆ ಬಾಂಡಿಗೆ ಹೆಬ್ಬೆಟ್ಟು ಒತ್ತಿದ ತಾಯಿಗೆ ಬೇಕಿರುವುದು ಲಕ್ಷ ಅಲ್ಲ, ಮಗನ ನೋಟ್‌ಬುಕ್ಕು, ಜ್ವರ ಬಂದರೆ ಆಸ್ಪತ್ರೆ ಖರ್ಚು, ಎರಡು ಹೊತ್ತಿನ ರೊಟ್ಟಿ.

ಕಟ್ಟೆಯ ಮೇಲೆ ಕೂಡುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಮನಸ್ಸು ಕೂಡಿಸುವ ಕೆಲಸ ನೀವೇ ಮಾಡಬೇಕು. ಕೂಡದಿದ್ದರೆ ಇಬ್ಬರನ್ನೂ ಕೋರ್ಟಿಗೆ ಕಳಿಸಿ. ಹಣ ಕೊಡಿಸುವುದಾದರೆ ಅವಳ ಹೆಸರಿನ ಬ್ಯಾಂಕ್ ಖಾತೆಗೇ ಹಾಕಿಸಿ, ಅಪ್ಪ-ಅಣ್ಣನ ಕೈಗೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಪುಕ್ಕಟೆ ಕೊಡುತ್ತದೆ, 1987ರ ಕಾಯ್ದೆಯಲ್ಲೇ ಹಾಗಿದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಹೊಡೆತ-ಬಡಿತವೂ ಇದ್ದರೆ 181ಕ್ಕೆ ಹೇಳಿ.

ನಾನು ಸಾಕ್ಷಿ ಹಾಕಿದ ಆ ಬಾಂಡಿನ ಜೆರಾಕ್ಸ್ ಹುಡುಕಿ ತೆಗೆದಿಟ್ಟಿದ್ದೇನೆ. ಬರುವ ಸೋಮವಾರ ಅದನ್ನು ಹಿಡಿದುಕೊಂಡು ಆ ತಾಯಿಯ ಜೊತೆ ಮಾನ್ವಿಯ ಕಾನೂನು ಸೇವಾ ಸಮಿತಿಗೆ ಹೋಗುತ್ತಿದ್ದೇನೆ. ಮನೆಯ ತಿಜೋರಿಯಲ್ಲಿ ಅಂಥ ಕಾಗದ ಇಟ್ಟುಕೊಂಡವರು ಇನ್ನೂ ಇದ್ದರೆ ಹಿಂದಿನ ದಿನವೇ ಹೇಳಿ ಕಳಿಸಿ, ಒಟ್ಟಿಗೇ ಹೋಗೋಣ.