ತಡ್ಕೊಳ್ಳಿ ಅನ್ನೋದು ಚಿಕಿತ್ಸೆನಾ ಸ್ವಾಮಿ?

ಪ್ರಾಸ್ಟೇಟ್ ಆಪರೇಷನ್ ಆಗಿ ಮೂತ್ರದ ಟ್ಯೂಬ್ ಹಾಕಿಸ್ಕೊಂಡು ಮಲಗಿದವರು ನೋವು ಅಂದ್ರೆ ಬರೋ ಉತ್ತರ ಗೊತ್ತಲ್ಲ: "ಟ್ಯೂಬ್ ಇದ್ಮೇಲೆ ಹಾಗೇ ತಾತ, ಸ್ವಲ್ಪ ತಡ್ಕೊಳ್ಳಿ." ಆ 'ಸ್ವಲ್ಪ'ದ ಮೇಲೇ ನನ್ನ ಸಿಟ್ಟು.

ಮೂತ್ರಕೋಶ ಅಂದ್ರೆ ಸ್ನಾಯುವಿನ ಚೀಲ. ಟ್ಯೂಬ್ ಜಾರದಿರಲಿ ಅಂತ ಒಳಗೆ ನೀರು ತುಂಬಿಸಿಟ್ಟ ಬಲೂನು ಅದರ ಬುಡಕ್ಕೆ ಒತ್ತುತ್ತೆ. ಚೀಲ ಅದನ್ನ ಹೊರಗೆ ತಳ್ಳೋಕೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತೆ. ಅರೆಕೆರೆಯ ನಮ್ಮ ಬೀದಿಯ ಹಿರಿಯರೊಬ್ಬರು ಇಡೀ ರಾತ್ರಿ ಮಂಚದ ಕಂಬಿ ಹಿಡ್ಕೊಂಡು ಕಳೆದ್ರು. ಟ್ಯೂಬಿನ ಪಕ್ಕದಿಂದ ಮೂತ್ರ ಸೋರಿ ಹಾಸಿಗೆ ಒದ್ದೆ. ಸೊಸೆ ಹತ್ರ ಹೇಳೋಕೆ ಸಂಕೋಚ ಬೇರೆ.

ತಮಾಷೆ ನೋಡಿ, ಅವರ ಆಪರೇಷನ್ ಮಾಡಿದ್ದೇ ಬೆನ್ನಿಗೆ ಇಂಜೆಕ್ಷನ್ ಕೊಟ್ಟು! 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಮಾಡಿ ತೋರಿಸಿದ ವಿದ್ಯೆ ಅದು. ಕೆಲವು ಗಂಟೆಗೆ ಮದ್ದು ಇಳೀತು, ನೋವು ಏರ್ತು. ಮೂತ್ರಕೋಶವನ್ನ ಹಿಂಡಿಸೋ ನರಗಳು ಹೊರಡೋದು ಬೆನ್ನಹುರಿಯ ತುದಿಯಿಂದ, ಎಸ್2ರಿಂದ ಎಸ್4. ಬಾಲದೆಲುಬಿನ ಮೇಲಿನ ಸಂದಿಯಿಂದ ಕೊಡೋ ಕಾಡಲ್ ಬ್ಲಾಕ್ ನೇರ ಅಲ್ಲಿಗೇ ತಲುಪುತ್ತೆ. ಇನ್ನೂ ಹೆಚ್ಚು ಹೊತ್ತು ಬೇಕಂದ್ರೆ ಎಪಿಡ್ಯೂರಲ್ ಇದೆ, ಸಣ್ಣ ನಳಿಕೆಯಲ್ಲಿ ಬುಪಿವಕೇನ್ ಹನಿಹನಿಯಾಗಿ ಹೋಗ್ತಾ ಇರುತ್ತೆ.

ಎಲ್ರಿಗೂ ಸೂಜಿ ಚುಚ್ಚಿ ಅಂತಿಲ್ಲ. ಮೊದಲು ಟ್ಯೂಬಲ್ಲಿ ರಕ್ತದ ಗಡ್ಡೆ ಕಟ್ಟಿದೆಯಾ ನೋಡ್ಲಿ, ಅದನ್ನ ತೊಳೆದ್ರೇ ಎಷ್ಟೋ ಸಲ ಸರಿಹೋಗುತ್ತೆ. ಆಮೇಲೆ ಆಕ್ಸಿಬ್ಯುಟಿನಿನ್ ಥರದ ಮಾತ್ರೆ. ಅದಕ್ಕೆ ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ, ವಯಸ್ಸಾದವರಿಗೆ ತಲೆ ಗೊಂದಲ ಆಗೋದೂ ಉಂಟು. ಅದರಲ್ಲೂ ನಿಲ್ಲದಿದ್ರೆ? ಅಲ್ಲಿಗೆ ಕೈಚೆಲ್ಲೋದು ಯಾವ ನ್ಯಾಯ?

"ರಿಸ್ಕ್ ಇದೆ, ಬಿಪಿ ಇಳಿಯುತ್ತೆ, ಕಾಲು ಜೋಮು ಹಿಡಿಯುತ್ತೆ" ಅಂತಾರೆ. ನಿಜ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ತುಂಬಾ ಎಚ್ಚರ ಬೇಕು. ಆದ್ರೆ 'ನೋವಿಲ್ಲದ ಹೆರಿಗೆ' ಅಂತ ಬೋರ್ಡ್ ಹಾಕ್ಕೊಳ್ಳೋ ಆಸ್ಪತ್ರೆಗಳು ಕೊಡೋದೂ ಇದೇ ಎಪಿಡ್ಯೂರಲ್ ಅಲ್ವಾ? ಅಲ್ಲಿ ಬಿಪಿ ನೋಡ್ಕೊಳ್ಳೋಕೆ ಜನ ಇರ್ತಾರೆ, ತಾತನಿಗೆ ಮಾತ್ರ ಇರಲ್ಲ. ಕ್ಯಾನ್ಸರಿನಿಂದ ಕಿಬ್ಬೊಟ್ಟೆ ನೋವು ಬಂದವರಿಗಂತೂ ಸೊಂಟದ ಮೂಳೆ ಮುಂದಿನ ನರಗುಚ್ಛಕ್ಕೇ ಬ್ಲಾಕ್ ಕೊಡೋ ವಿಧಾನವನ್ನ ಮೆಕ್ಸಿಕೋದ ಪ್ಲಾಂಕಾರ್ಟೆ ತಂಡ 1990ರಲ್ಲೇ ಪ್ರಕಟಿಸಿದೆ. ಹೊಸ ವಿದ್ಯೆ ಏನಲ್ಲ ಬಿಡಿ.

ನಿಮ್ಮನೇಲಿ ಯಾರಿಗಾದ್ರೂ ಈ ಆಪರೇಷನ್ ಇದ್ರೆ, ಫಾರಂಗೆ ಸಹಿ ಹಾಕೋ ಮುಂಚೆ ಅರಿವಳಿಕೆ ಡಾಕ್ಟರನ್ನೇ ಹಿಡಿದು ಕೇಳಿ: ರಾತ್ರಿ ಎರಡು ಗಂಟೆಗೆ ಮಾತ್ರೆಗೂ ಬಗ್ಗದ ನೋವು ಬಂದ್ರೆ ನೀವು ಬರ್ತೀರಾ, ಇಲ್ಲಾ ಯಾರನ್ನ ಕಳಿಸ್ತೀರಾ?